ಸವೆಯದ ಗೋಡೆ ಹುಡುಕುವ ಮುಳ್ಳು

ಅಳಿಯ: ಅತ್ತೆ, ಹಳೇ ಅರಗಿನ ಪ್ಲೇಟು ಹಾಕಿ ಕೇಳೋದಕ್ಕೆ ಒಳ್ಳೆ ಸ್ಟೈಲಸ್ ಮುಳ್ಳು ಯಾವುದು ಅಂತ ಒಂದು ಹೆಸರು ಹೇಳಿಬಿಡಿ. ಇವತ್ತೇ ತರಿಸಿಕೊಳ್ತೀನಿ.

ಅತ್ತೆ: ಯಾವ ಪ್ಲೇಟಿಗೆ?

ಅಳಿಯ: ತಾತನ ಪೆಟ್ಟಿಗೆಯಲ್ಲಿ ಇರೋದಕ್ಕೆಲ್ಲ.

ಅತ್ತೆ: ನಮ್ಮಪ್ಪನ ಪೆಟ್ಟಿಗೆ ನನಗೆ ಗೊತ್ತಿಲ್ಲದ್ದೇನಲ್ಲ. ಅದರಲ್ಲಿ ಮೊದಲನೇ ಮಹಾಯುದ್ಧಕ್ಕೆ ಮುಂಚಿನ ಪ್ಲೇಟೂ ಇದೆ, ‘ಬೇಡರ ಕಣ್ಣಪ್ಪ’ ಸಿನಿಮಾ ಬಂದ ಕಾಲದ್ದೂ ಇದೆ. ನಡುವೆ ನಲವತ್ತು ವರ್ಷಕ್ಕೂ ಮೇಲೆ. ಅಷ್ಟಕ್ಕೂ ಸೇರಿಸಿ ಒಂದೇ ಹೆಸರು ಹೇಳಿದರೆ ಅದು ಸುಳ್ಳಾಗುತ್ತೆ.

ಅಳಿಯ: ಎಲ್ಲವೂ 78 ಆರ್‌ಪಿಎಂ ತಾನೇ?

ಅತ್ತೆ: ಅದು ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕ. ಗೆರೆ ಎಷ್ಟು ಅಗಲ, ಎಷ್ಟು ಆಳ, ತಳ ಚೂಪೋ ದುಂಡೋ ಅಂತ ಅದು ಹೇಳಲ್ಲ. ಕಂಪನಿಯಿಂದ ಕಂಪನಿಗೆ, ದಶಕದಿಂದ ದಶಕಕ್ಕೆ ಗೆರೆ ಬದಲಾಗಿದೆ. ಇನ್ನು ಸುತ್ತಿನ ಲೆಕ್ಕವಾದರೂ ನೆಟ್ಟಗಿದೆಯಾ ಅಂದ್ರೆ ಅದೂ ಇಲ್ಲ. ಶುರುವಿನ ದಶಕಗಳಲ್ಲಿ 70ರ ಆಸುಪಾಸಿನಿಂದ 80 ದಾಟಿದ ವೇಗದವರೆಗೂ ಮುದ್ರಿಸಿದ್ದಾರೆ. ವಿದ್ಯುತ್ ಮೋಟಾರು ಬಂದ ಮೇಲೆ 60 ಹರ್ಟ್ಸ್ ಕರೆಂಟಿನ ಅಮೆರಿಕದಲ್ಲಿ 78.26, 50 ಹರ್ಟ್ಸ್ ಇರೋ ಕಡೆ 77.92 ಅಂತ ನಿಂತಿತು.

ಅಳಿಯ: ನನ್ನ ಟರ್ನ್‌ಟೇಬಲ್‌ನಲ್ಲಿ 78ರ ಗುಂಡಿ ಇದೆ. ಅದರ ಜತೆಗೆ ಬಂದ ಮುಳ್ಳಿನಲ್ಲೇ ಒಂದೆರಡು ಪ್ಲೇಟು ಹಾಕಿದೆ. ಹಾಡೇನೋ ಕೇಳಿಸುತ್ತೆ. ಅದಕ್ಕಿಂತ ಸೊರಸೊರ ಸದ್ದೇ ಜಾಸ್ತಿ.

ಅತ್ತೆ: ಜತೆಗೆ ಬಂದದ್ದು ಎಲ್‌ಪಿ ಮುಳ್ಳು ಕಣೋ. ಅದರ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನು. ಈ ಕಸುಬಿನವರು ಮೈಕ್ರಾನಿಗಿಂತ ಮಿಲ್ ಲೆಕ್ಕದಲ್ಲೇ ಮಾತಾಡೋದು. ಒಂದು ಮಿಲ್ ಅಂದ್ರೆ ಅಂಗುಲದ ಸಾವಿರದಲ್ಲಿ ಒಂದು ಪಾಲು, ಹೆಚ್ಚೂಕಡಿಮೆ 25 ಮೈಕ್ರಾನು. ಎಲ್‌ಪಿ ಮುಳ್ಳು 0.7 ಮಿಲ್. ಅರಗಿನ ಪ್ಲೇಟಿಗೆ ಬೇಕಾದದ್ದು 2.5ರಿಂದ 3 ಮಿಲ್, ಕೆಲವಕ್ಕೆ ಇನ್ನೂ ದಪ್ಪ. ಅಂದ್ರೆ ನಿನ್ನ ಮುಳ್ಳು ನಾಲ್ಕು ಪಟ್ಟು ಸಣ್ಣದು. ಚಕ್ಕಡಿಯ ಜಾಡಿನಲ್ಲಿ ಸೈಕಲ್ ಚಕ್ರ ಇಳಿಸಿದ ಹಾಗೆ. ಆ ಪಕ್ಕ ಈ ಪಕ್ಕ ವಾಲಾಡ್ತಾ ತಳದ ಮಣ್ಣಿನಲ್ಲೇ ಓಡುತ್ತೆ.

ಅಳಿಯ: ತಳ ಮುಟ್ಟಿದ್ರೆ ತಪ್ಪೇನು? ಹಾಡು ಗೆರೆಯೊಳಗೇ ತಾನೇ ಇರೋದು?

ಅತ್ತೆ: ಹಾಡು ಇರೋದು ಗೆರೆಯ ಎರಡು ಗೋಡೆಗಳಲ್ಲಿ. ಗೆರೆ ಎಡಕ್ಕೆ ಬಲಕ್ಕೆ ಬಳುಕಿಕೊಂಡು ಹೋಗುತ್ತೆ, ಆ ಬಳುಕೇ ಧ್ವನಿ. ಮುಳ್ಳು ಎರಡೂ ಗೋಡೆಗೆ ಭುಜ ಕೊಟ್ಟು, ತಳ ಮುಟ್ಟದೆ ಸಾಗಬೇಕು. ತಳದಲ್ಲಿ ಏನಿರುತ್ತೆ ಗೊತ್ತಾ? ಎಪ್ಪತ್ತು ಎಂಬತ್ತು ವರ್ಷದ ಧೂಳು, ಉಕ್ಕಿನ ಪಿನ್ನು ಸವೆದು ಉದುರಿದ ಪುಡಿ, ಆ ಪಿನ್ನು ಗೀಚಿ ಕಿತ್ತ ಅರಗು. ನೀನು ಕೇಳಿದ ಸೊರಸೊರದಲ್ಲಿ ಮುಕ್ಕಾಲು ಪಾಲು ಅದೇ. ಪ್ಲೇಟಿನ ತಪ್ಪಲ್ಲ ಅದು.

ಅಳಿಯ: ಅಂದ್ರೆ ದಪ್ಪ ಮುಳ್ಳು ಹಾಕಿದ್ರೆ ಮುಗಿಯಿತು.

ಅತ್ತೆ: ಎಷ್ಟು ದಪ್ಪ ಅನ್ನೋದೇ ಪ್ರಶ್ನೆ. ಗೋಡೆಗಳ ನಡುವೆ ಹೆಚ್ಚೂಕಡಿಮೆ 90 ಡಿಗ್ರಿ ಕೋನ ಇದೆ ಅಂದುಕೋ. 3 ಮಿಲ್ ದುಂಡು ತುದಿ ಅದರಲ್ಲಿ ಕೂತರೆ, ಎಡಗೋಡೆ ಮುಟ್ಟೋ ಜಾಗಕ್ಕೂ ಬಲಗೋಡೆ ಮುಟ್ಟೋ ಜಾಗಕ್ಕೂ ನಡುವೆ ನಾಲ್ಕು ಮಿಲ್‌ಗಿಂತ ಸ್ವಲ್ಪ ಹೆಚ್ಚು ಅಂತರ ಇರುತ್ತೆ. ಗೆರೆಯ ಬಾಯಿ ಸುಮಾರು ಆರು ಮಿಲ್. ಅಂದ್ರೆ ಮುಳ್ಳು ಗೋಡೆಯ ನಡುಮಟ್ಟಕ್ಕಿಂತ ಕೊಂಚ ಮೇಲೆ ಆತುಕೊಂಡಿರುತ್ತೆ. ತುದಿ ಇನ್ನೂ ದಪ್ಪ ಆದ್ರೆ ಅಂಚಿನ ಮೇಲೆ ಕೂತು ಜಾರುತ್ತೆ. ಸಣ್ಣ ಆದ್ರೆ ಕೆಳಕ್ಕೆ ಇಳಿಯುತ್ತೆ. ಅರ್ಧ ಮಿಲ್ ಆಚೀಚೆ ಆದ್ರೂ ಮುಳ್ಳು ಗೋಡೆಯ ಬೇರೆಯೇ ಜಾಗ ಓದುತ್ತೆ. ಇದನ್ನ ನೆನಪಿಟ್ಟುಕೋ, ಮುಂದೆ ಬೇಕಾಗುತ್ತೆ.

ಅಳಿಯ: ತಾತನ ಕಾಲದಲ್ಲಿ ಇಷ್ಟೆಲ್ಲ ಲೆಕ್ಕ ಹಾಕ್ತಿದ್ರಾ? ಡಬ್ಬಿಯಿಂದ ಒಂದು ಪಿನ್ನು ತೆಗೀತಿದ್ರು, ಹಾಕ್ತಿದ್ರು.

ಅತ್ತೆ: ಅವರು ಲೆಕ್ಕ ಹಾಕಬೇಕಾಗಿರಲಿಲ್ಲ, ಪ್ಲೇಟೇ ಹಾಕಿಕೊಳ್ತಿತ್ತು. ಅರಗಿನ ಪ್ಲೇಟು ಅಂತೀವಿ, ಆದರೆ ಅದರಲ್ಲಿ ಅರಗು ಇರೋದು ಹೆಚ್ಚೂಕಡಿಮೆ ಮೂರರಲ್ಲಿ ಒಂದು ಪಾಲು. ಉಳಿದದ್ದು ಸ್ಲೇಟಿನ ಪುಡಿ, ಸುಣ್ಣಕಲ್ಲಿನ ಪುಡಿ, ಒಂದಿಷ್ಟು ಹತ್ತಿಯ ನಾರು, ಕಪ್ಪು ಬರೋದಕ್ಕೆ ಮಸಿ. ಆ ಕಲ್ಲಿನ ಪುಡಿಯಿಂದ ಪ್ಲೇಟಿಗೆ ಗಟ್ಟಿತನ ಬರುತ್ತೆ, ಖರ್ಚೂ ಕಡಿಮೆ ಆಗುತ್ತೆ. ಜತೆಗೆ ಇನ್ನೊಂದು ಕೆಲಸವನ್ನೂ ಅದು ಮಾಡುತ್ತೆ. ಮೆತ್ತನೆ ಉಕ್ಕಿನ ಪಿನ್ನು ಮೊದಲ ಕೆಲವು ಸುತ್ತಿನಲ್ಲೇ ಅದಕ್ಕೆ ಉಜ್ಜಿ, ಆ ಗೆರೆಯ ಆಕಾರಕ್ಕೇ ಸವೆದುಕೊಳ್ಳುತ್ತೆ. ಪಿನ್ನನ್ನ ಗೆರೆಗೆ ಹೊಂದಿಸೋ ಸಾಣೆಕೆಲಸ ಪ್ಲೇಟಿನದ್ದೇ.

ಅಳಿಯ: ಓಹೋ, ಅದಕ್ಕೇ ಒಂದು ಮುಖಕ್ಕೆ ಒಂದೇ ಪಿನ್ನು ಅನ್ನೋ ಕಟ್ಟಳೆ.

ಅತ್ತೆ: ಅದಕ್ಕೇ. ಹತ್ತು ಅಂಗುಲದ ಪ್ಲೇಟಿನ ಒಂದು ಮುಖ ಮೂರು ನಿಮಿಷ ಚಿಲ್ಲರೆ. ಹೊರಗಿನ ಸುತ್ತಿನಲ್ಲಿ ಗೆರೆ ಸೆಕೆಂಡಿಗೆ ಒಂದು ಮೀಟರಿನಷ್ಟು ಓಡುತ್ತೆ, ಒಳಕ್ಕೆ ಬಂದ ಹಾಗೆ ಅದರ ಅರ್ಧಕ್ಕೂ ಕಡಿಮೆ ಆಗುತ್ತೆ. ಒಟ್ಟಿನಲ್ಲಿ ಒಂದು ಹಾಡು ಮುಗಿಯೋ ಹೊತ್ತಿಗೆ ಆ ಪಿನ್ನು ನೂರು ಮೀಟರಿಗೂ ಹೆಚ್ಚು ದೂರ ಕಲ್ಲಿನ ಪುಡಿ ಮೇಲೆ ಉಜ್ಜಿಕೊಂಡಿರುತ್ತೆ, ಅದೂ ಪಿನ್ನು ಸಿಕ್ಕಿಸೋ, ನೂರು ಗ್ರಾಮಿಗೂ ಮೇಲ್ಪಟ್ಟ ಸೌಂಡ್‌ಬಾಕ್ಸಿನ ಭಾರ ಹೊತ್ತುಕೊಂಡು. ಕೊನೆಗೆ ತುದಿಯ ಎರಡೂ ಪಕ್ಕ ಚಪ್ಪಟೆಯಾಗಿ ಉಳಿ ಥರ ಅಂಚು ಬಂದಿರುತ್ತೆ. ಅದನ್ನ ಇನ್ನೊಂದು ಪ್ಲೇಟಿಗೆ ಹಾಕಿದ್ರೆ ಆ ಅಂಚು ಗೋಡೆಯನ್ನ ಕೆತ್ತುತ್ತೆ. ಇನ್ನೂರು ಪಿನ್ನಿನ ಡಬ್ಬಿಯನ್ನ ನಮ್ಮಪ್ಪ ಎಷ್ಟು ದಿನ ಬರಿಸ್ತಿದ್ರು ಅಂತ ನೆನೆಸಿಕೊಂಡ್ರೆ ಅವರ ಪ್ಲೇಟುಗಳ ಗತಿ ಊಹಿಸಬಹುದು.

ಅಳಿಯ: ತಾತ ಜಿಪುಣರು ಅಂತೀರ?

ಅತ್ತೆ: ಸಂಬಳಕ್ಕೆ ತಕ್ಕ ಹಾಗಿದ್ರು. ಎಲ್ಲ ಮನೆಯಲ್ಲೂ ಅಷ್ಟೇ. ಅದರಿಂದ ಏನಾಗಿದೆ ನೋಡು: ಯಾವ ಹಾಡು ಮನೆಯವರಿಗೆ ತುಂಬ ಇಷ್ಟವೋ ಅದೇ ಪ್ಲೇಟು ಎಲ್ಲಕ್ಕಿಂತ ಹಾಳಾಗಿರುತ್ತೆ. ಪೆಟ್ಟಿಗೆಯಲ್ಲಿ ಮಿರಮಿರ ಮಿಂಚ್ತಿರೋ ಪ್ಲೇಟು ಸಿಕ್ಕರೆ ಅದನ್ನ ಯಾರೂ ಮೆಚ್ಚಿರಲಿಲ್ಲ ಅಂತ ಅರ್ಥ. ದೀಪದ ಕೆಳಗೆ ಪ್ಲೇಟನ್ನ ವಾಲಿಸಿ ನೋಡು. ಕಪ್ಪಗೆ ಹೊಳೆದ್ರೆ ಗೋಡೆ ಚೆನ್ನಾಗಿದೆ. ಬೂದುಬಣ್ಣಕ್ಕೆ ತಿರುಗಿದ್ರೆ ಉಕ್ಕು ಉಜ್ಜಿದೆ. ಸಾಮಾನ್ಯವಾಗಿ ಗಾಯಕರು ದನಿ ಏರಿಸೋ ಜಾಗದಲ್ಲಿ, ಒಳಗಿನ ಕೊನೆಯ ಸುತ್ತುಗಳಲ್ಲಿ ಬೂದು ಜಾಸ್ತಿ ಕಾಣುತ್ತೆ.

ಅಳಿಯ: ಹಾಳಾದ ಮೇಲೆ ಯಾವ ಮುಳ್ಳು ಹಾಕಿದ್ರೇನು, ಅತ್ತೆ?

ಅತ್ತೆ: ಇಲ್ಲೇ ವಿಷಯ ಇರೋದು. ಹಿಂದಿನವರ ಪಿನ್ನು ಗೋಡೆಯ ಒಂದು ಪಟ್ಟಿಯನ್ನ ಹೆಚ್ಚು ತಿಂದಿರುತ್ತೆ. ಆ ಪಟ್ಟಿಯ ಮೇಲೋ ಕೆಳಗೋ ಅದು ಅಷ್ಟಾಗಿ ಮುಟ್ಟದ ಜಾಗ ಉಳಿದಿರಬಹುದು. ಅಲ್ಲಿ ಅದೇ ಹಾಡು, ಅದೇ ಬಳುಕು, ಬಹುಮಟ್ಟಿಗೆ ಮುದ್ರಿಸಿದಾಗ ಇದ್ದ ಹಾಗೇ ಇರುತ್ತೆ. ಗೋಡೆಯ ಮೇಲ್ಭಾಗ ಸವೆದಿದ್ರೆ 2.5ರ ಮುಳ್ಳು ಹಾಕಿ ಕೆಳಗೆ ಓದಿಸು. ಕೆಳಗೆ ಸವೆದಿದ್ರೆ 3.5 ಹಾಕಿ ಮೇಲೆ ಓದಿಸು. ಅರ್ಧ ಮಿಲ್‌ನ ಲೆಕ್ಕ ನೆನಪಿಟ್ಟುಕೋ ಅಂದದ್ದು ಇದಕ್ಕೇ. ಸ್ಟೈಲಸ್ ಆರಿಸೋದು ಅಂದ್ರೆ ಹಳಬರು ತುಳಿಯದ ಜಾಗ ಹುಡುಕೋದು.

ಅಳಿಯ: ಇದು ನಿಮ್ಮ ಸ್ವಂತ ಉಪಾಯವೋ?

ಅತ್ತೆ: ಧ್ವನಿ ಸಂಗ್ರಹಾಲಯಗಳಲ್ಲಿ ಪ್ಲೇಟಿನಿಂದ ಡಿಜಿಟಲ್‌ಗೆ ಇಳಿಸೋರು ಎಲ್ಲ ಕಡೆ ಮಾಡೋದೇ ಇದು. ಅವರ ಮೇಜಿನ ಮೇಲೆ ಮುಳ್ಳು ಸಿಕ್ಕಿಸೋ ಒಂದೇ ಕಾರ್ಟ್ರಿಜ್‌ಗೆ ಹೊಂದೋ ಮುಳ್ಳುಗಳ ಸಾಲು ಇರುತ್ತೆ: 2, 2.3, 2.5, 2.8, 3, 3.3, 3.5, 4. ಇಂಗ್ಲೆಂಡಿನ ಸರ್ರೆಯಲ್ಲಿರೋ ಎಕ್ಸ್‌ಪರ್ಟ್ ಸ್ಟೈಲಸ್ ಕಂಪನಿ ಅಂಥವನ್ನ ಕೇಳಿದ ಅಳತೆಗೆ ಮಾಡಿಕೊಡೋದರಲ್ಲಿ ಹೆಸರಾದದ್ದು. ನಾನು ರೇಡಿಯೋದ ರಿಕಾರ್ಡ್ ಲೈಬ್ರರಿಯಲ್ಲಿದ್ದಾಗ ಅಷ್ಟೆಲ್ಲ ನಮಗಿರಲಿಲ್ಲ. ಆದರೂ ಒಂದೇ ಪ್ಲೇಟನ್ನ ಎರಡು ಮುಳ್ಳಿನಲ್ಲಿ ಕೇಳಿಸಿದ್ರೆ ಇವು ಬೇರೆ ಬೇರೆ ಪ್ರತಿಗಳು ಅಂತ ಪಂದ್ಯ ಕಟ್ಟೋರಿದ್ರು.

ಅಳಿಯ: ತಾತನ ಹಳೇ ರಿಕಾರ್ಡ್ ಪ್ಲೇಯರ್‌ನಲ್ಲಿ ಮುಳ್ಳಿನ ಪಕ್ಕ ಒಂದು ಸಣ್ಣ ಕಡ್ಡಿ ಇದೆಯಲ್ಲ, ಅದನ್ನ ತಿರುಗಿಸಿದ್ರೆ 78 ಅಂತ ಬರುತ್ತೆ. ಅದು ಸಾಲದಾ?

ಅತ್ತೆ: ಒಂದು ಕಡೆ ಎಲ್‌ಪಿ, ತಿರುಗಿಸಿದ್ರೆ 78. ಸೆರಾಮಿಕ್ ಕಾರ್ಟ್ರಿಜ್. ಆ ಕಾಲಕ್ಕೆ ಒಳ್ಳೆ ಅನುಕೂಲವೇ. ಆದರೆ ಅಂಥದ್ದರಲ್ಲಿ ಬಹಳಷ್ಟಕ್ಕೆ ಹಾಕಿದ್ದು ನೀಲಮಣಿಯ ತುದಿ. ಅರಗಿನ ಮೇಲೆ ಅದರ ಆಯಸ್ಸು ಹತ್ತಾರು ಗಂಟೆ. ವಜ್ರ ಆದ್ರೆ ಅದರ ಹತ್ತಾರು ಪಟ್ಟು ಬಾಳುತ್ತೆ. ನಮ್ಮನೇದು ಸವೆದು ಎಷ್ಟೋ ಕಾಲ ಆಗಿದೆ. ಸವೆದ ಮಣಿಯೂ ಸವೆದ ಉಕ್ಕಿನ ಥರಾನೇ ಕೆತ್ತುತ್ತೆ. ಅದನ್ನ ಪ್ಲೇಟಿನ ಹತ್ತಿರ ಬಿಡಬೇಡ.

ಅಳಿಯ: ಸರಿ, ಅಳತೆಗೆ ಏನಾದ್ರೂ ಸೂತ್ರ ಇದೆಯಾ? ಇಂಥ ಇಸವಿಗೆ ಇಷ್ಟು ಮಿಲ್ ಅಂತ?

ಅತ್ತೆ: ದಿಕ್ಕು ತೋರಿಸೋ ಅಷ್ಟು ಇದೆ. 1925ರಲ್ಲಿ ಮೈಕಿನ ವಿದ್ಯುತ್ ಮುದ್ರಣ ಶುರುವಾಯಿತು. ಅದಕ್ಕೆ ಮುಂಚೆ ಗಾಯಕರು ದೊಡ್ಡ ಕೊಂಬಿನ ಬಾಯಿಗೆ ಹಾಡ್ತಿದ್ರು, ಅವರ ದನಿಯ ಬಲದಿಂದಲೇ ಗೆರೆ ಕೊರೀತಿತ್ತು. ಆ ಕಾಲದ ಗೆರೆ ಸಾಮಾನ್ಯವಾಗಿ ಅಗಲ. ಅದಕ್ಕೆ 3.3ರಿಂದ 4 ಮಿಲ್‌ವರೆಗೆ ಪ್ರಯತ್ನಿಸಬೇಕು. 1930ರ, 40ರ ದಶಕದವಕ್ಕೆ 2.8, 3. ಆಮೇಲಿನವಕ್ಕೆ 2.5ರ ಆಸುಪಾಸು. ನಮ್ಮ ದೇಶದಲ್ಲಿ 78 ಬೇರೆ ಕಡೆಗಿಂತ ಹೆಚ್ಚು ಕಾಲ ಬಾಳಿತು. ಬೀಟಲ್ಸ್ ಹಾಡುಗಳೂ ಇಲ್ಲಿ 78ರ ಪ್ಲೇಟಾಗಿ ಬಂದಿದ್ದವು. ಅಷ್ಟು ತಡವಾಗಿ ಬಂದವನ್ನ ಸಣ್ಣ ತುದಿಯಿಂದಲೇ ಶುರು ಮಾಡು. ಆದರೆ ಇಸವಿ ನೋಡಿ ಶುರು ಮಾಡಬಹುದೇ ಹೊರತು ತೀರ್ಮಾನ ಮಾಡೋ ಹಾಗಿಲ್ಲ.

ಅಳಿಯ: ತೀರ್ಮಾನ ಹೇಗೆ?

ಅತ್ತೆ: ಕಿವಿಯಿಂದ. ಪ್ಲೇಟಿನಲ್ಲಿ ಗಾಯಕರು ಗಟ್ಟಿಯಾಗಿ ಎತ್ತೋ ಒಂದು ತುಣುಕು ಆರಿಸಿಕೋ, ಒಳಗಿನ ಸುತ್ತಿನದ್ದಾದ್ರೆ ಇನ್ನೂ ಒಳ್ಳೇದು. ಅದೇ ತುಣುಕನ್ನ ಬೇರೆ ಬೇರೆ ಮುಳ್ಳಿನಲ್ಲಿ ಕೇಳು. ಎಲ್ಲರೂ ಜಾರೋದು ಇಲ್ಲೇ: ಸೊರಸೊರ ಯಾವುದರಲ್ಲಿ ಕಡಿಮೆಯೋ ಅದನ್ನ ಆರಿಸಿಬಿಡ್ತಾರೆ. ನೀನು ಸೊರಸೊರವನ್ನ ಮರೆತುಬಿಡು. ದನಿ ಏರಿದಾಗ ಅದು ಒಡೆಯುತ್ತಾ, ಬಿರುಸಾಗುತ್ತಾ, ಗರಗರ ಅನ್ನುತ್ತಾ, ಅದನ್ನ ಮಾತ್ರ ಕೇಳು. ಗರಗರ ಯಾವುದರಲ್ಲಿ ಕಡಿಮೆಯೋ ಅದು ಆ ಪ್ಲೇಟಿನ ಮುಳ್ಳು.

ಅಳಿಯ: ಯಾಕೆ? ಕೇಳೋರಿಗೆ ಎರಡೂ ತೊಂದರೆಯೇ.

ಅತ್ತೆ: ಸೊರಸೊರ ಹಾಡಿನ ಪಕ್ಕದಲ್ಲಿ ಕೂತಿರುತ್ತೆ, ಅದನ್ನ ಆಮೇಲೆ ತಗ್ಗಿಸಬಹುದು. ಗರಗರ ಹಾಡಿನ ಮೈಯೊಳಗೇ ಸೇರಿರುತ್ತೆ. ಸವೆದ ಗೋಡೆಯನ್ನ ಓದಿದಾಗ ಸ್ವರದ ಆಕಾರವೇ ಮುರಿದು ಬಂದಿರುತ್ತೆ. ಅದನ್ನ ಹಾಡಿನಿಂದ ಬಿಡಿಸೋದು ಆಗೋ ಮಾತಲ್ಲ.

ಅಳಿಯ: ಈಗಿನ ಸಾಫ್ಟ್‌ವೇರ್ ನೀವು ನೋಡಿಲ್ಲ, ಅತ್ತೆ. ಚಟಪಟ, ಸೊರಸೊರ, ಗುಂಯ್ ಅನ್ನೋದು ಎಲ್ಲವನ್ನೂ ತೆಗೆದುಬಿಡುತ್ತೆ. ಯಾವುದೋ ಒಂದು ಮುಳ್ಳಿನಲ್ಲಿ ಒಂದು ಸಲ ಇಳಿಸಿಕೊಂಡು ಉಳಿದದ್ದನ್ನ ಕಂಪ್ಯೂಟರಿಗೆ ಬಿಟ್ಟರಾಯಿತು.

ಅತ್ತೆ: ನೋಡಿದ್ದೀನಿ, ಬಳಸಿದ್ದೂ ಇದೆ. ಚಟಪಟ ತೆಗೆಯೋದರಲ್ಲಿ ಅದು ಗಟ್ಟಿಗ. ಸೊರಸೊರವನ್ನ ಹದವಾಗಿ ತೆಗೆದ್ರೆ ಅದೂ ಚೆನ್ನ. ಆದರೆ ಗೋಡೆಯಲ್ಲಿದ್ದೂ ನಿನ್ನ ಮುಳ್ಳು ಮುಟ್ಟದೇ ಬಿಟ್ಟದ್ದನ್ನ ಅದು ಎಲ್ಲಿಂದ ತರುತ್ತೆ? ಐಎಎಸ್ಎ ಅಂತ ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಇದೆ. ಅವರ ಮಾರ್ಗಸೂಚಿಯ ತಿರುಳೂ ಇದೇ: ಮೊದಲು ಮೂಲ ಪ್ಲೇಟಿನಿಂದ ತೆಗೆಯಬಹುದಾದ ಅತ್ಯುತ್ತಮ ಧ್ವನಿ ತೆಗೆದುಕೋ, ಶುಚಿ ಮಾಡದ ಆ ಪ್ರತಿಯನ್ನ ಹಾಗೇ ಇಟ್ಟುಕೋ, ತಿದ್ದುಪಡಿಯೇನಿದ್ರೂ ಅದರ ನಕಲಿಗೆ. ಮುಂದೆ ಇನ್ನೂ ಒಳ್ಳೆ ಸಾಫ್ಟ್‌ವೇರ್ ಬರುತ್ತೆ. ಪ್ಲೇಟು ಅಷ್ಟರೊಳಗೆ ಒಡೆದು ಹೋಗಿರಬಹುದು.

ಅಳಿಯ: ಮಾತು ಬಂತು ಅಂತ ಹೇಳ್ತೀನಿ, ನನಗೆ ಇನ್ನೊಂದು ಅನುಮಾನ ಇದೆ. ಆ ಕಾಲದವರು ಕೇಳಿದ್ದು ಕೀಲಿ ಕೊಡೋ ಗ್ರಾಮಫೋನಿನಲ್ಲಿ, ಉಕ್ಕಿನ ಪಿನ್ನಿನಲ್ಲಿ. ನಿಜವಾದ ಧ್ವನಿ ಅದೇ ಅಲ್ವಾ? ನಾವು ವಜ್ರ, ಮಿಲ್ಲು ಅಂತ ಹೊರಟರೆ ಅವರು ಕೇಳದೇ ಇದ್ದದ್ದನ್ನ ಕೇಳ್ತೀವಿ.

ಅತ್ತೆ: ಕೇಳ್ತೀವಿ, ಹೌದು. ಅದರಲ್ಲಿ ತಪ್ಪೇನಿದೆ? ಅಬ್ದುಲ್ ಕರೀಂ ಖಾನರು 1930ರ ದಶಕದ ನಡುವೆ ಓಡಿಯನ್ ಕಂಪನಿಗೆ ಹಾಡಿದಾಗ ಎದುರಿಗೆ ಮೈಕು ಇತ್ತು. ಆ ಮೈಕು ಹಿಡಿದು ಗೆರೆಗೆ ಇಳಿಸಿದ್ದು ಒಂದು, ಹುಬ್ಬಳ್ಳಿಯ ಒಂದು ಮನೆಯಲ್ಲಿ ಕೀಲಿ ಪೆಟ್ಟಿಗೆಯ ಕೊಂಬಿನಿಂದ ಹೊರಗೆ ಬಂದದ್ದು ಅದರ ಒಂದು ಪಾಲು. ಗೆರೆಯಲ್ಲಿ ಇರೋದನ್ನ ಅವತ್ತಿನ ಸಾಮಾನ್ಯ ಕೇಳುಗ ಪೂರ್ತಿ ಕೇಳಿಸಿಕೊಂಡೇ ಇರಲಿಲ್ಲ. ಸರಿಯಾದ ಮುಳ್ಳು ಸಿಕ್ಕರೆ ನೀನು ಅವನಿಗಿಂತ ಗಾಯಕರ ಹತ್ತಿರ ಕೂರ್ತೀಯ.

ಅಳಿಯ: ಆದರೂ ಕೊಂಬಿನ ಧ್ವನಿಯಲ್ಲಿ ಒಂದು ಸೊಗಸಿದೆ.

ಅತ್ತೆ: ಇಲ್ಲ ಅಂದವರು ಯಾರು? ಕೊಂಬಿಗೆ ಹಾಡಿದ್ದನ್ನ ಕೊಂಬಿನಿಂದಲೇ ಕೇಳೋದರಲ್ಲಿ ನ್ಯಾಯವೂ ಇದೆ. ಗೌಹರ್ ಜಾನ್ 1902ರಲ್ಲಿ ಕಲ್ಕತ್ತಾದಲ್ಲಿ ಹಾಡಿದ್ದು ಕೊಂಬಿಗೇ. ಪ್ಲೇಟು ಅಚ್ಚಾಗ್ತಿದ್ದದ್ದು ದೂರದ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡು ಅಂತ ತಿಳಿಯಲಿ ಅಂತ ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನ ತಾನೇ ಇಂಗ್ಲಿಷಿನಲ್ಲಿ ಹೇಳ್ತಿದ್ದಳು. ಕೊನೆಗಾಲಕ್ಕೆ ನಮ್ಮ ಮೈಸೂರಿಗೆ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು 1930ರಲ್ಲಿ ಇಲ್ಲೇ ತೀರಿಕೊಂಡಳು. ಅಂಥ ಪ್ಲೇಟು ಕೈಗೆ ಸಿಕ್ಕರೆ ನೂರು ಗ್ರಾಮಿನ ಸೌಂಡ್‌ಬಾಕ್ಸಿನ ಕೆಳಗೆ ಹಾಕೋ ಧೈರ್ಯ ನನಗಂತೂ ಇಲ್ಲ. ಒಂದೊಂದು ಸಲ ಹಾಕಿದಾಗಲೂ ಗೋಡೆ ಒಂದಿಷ್ಟು ಹೋಗುತ್ತೆ. ಸೊಗಸು ಬೇಕು ಅಂದ್ರೆ ಎರಡೆರಡು ಪ್ರತಿ ಇರೋ ಪ್ಲೇಟನ್ನ ಆರಿಸಿಕೋ, ಮುಖಕ್ಕೊಂದು ಹೊಸ ಪಿನ್ನು ಹಾಕು, ಬೇಕಾದಷ್ಟು ಕೇಳು. ವಿನೈಲ್ ಪ್ಲೇಟಿಗೆ ಮಾತ್ರ ಅಪ್ಪಿತಪ್ಪಿಯೂ ಉಕ್ಕು ತಾಗಿಸಬೇಡ.

ಅಳಿಯ: ಒಪ್ಪಿದೆ. ಇನ್ನು ಮುಳ್ಳಿನ ಆಕಾರದ ವಿಷಯ. ಕೆಲವರು ಶಂಕುವಿನಾಕಾರ ಅಂತಾರೆ, ಕೆಲವರು ಎಲಿಪ್ಟಿಕಲ್, ಇನ್ನು ಕೆಲವರು ಟ್ರಂಕೇಟೆಡ್. ತಲೆ ತಿರುಗುತ್ತೆ.

ಅತ್ತೆ: ಶಂಕುವಿನಾಕಾರದ್ದರ ತುದಿ ಎಲ್ಲ ಕಡೆಯಿಂದ ಒಂದೇ ದುಂಡು. ಸುಲಭವಾಗಿ ಸಿಗುತ್ತೆ, ಬೆಲೆ ಕಡಿಮೆ, ತೋಳು ಸ್ವಲ್ಪ ಓರೆಯಾಗಿದ್ರೂ ಸಹಿಸುತ್ತೆ. ಎಲಿಪ್ಟಿಕಲ್ ಅಂದ್ರೆ ಗೆರೆಗೆ ಅಡ್ಡಲಾಗಿ ದಪ್ಪ, ಓಟದ ದಿಕ್ಕಿಗೆ ತೆಳು. ಒಳಗಿನ ಸುತ್ತಿನಲ್ಲಿ ಬಳುಕುಗಳು ಒತ್ತೊತ್ತಾಗಿ ಬರುತ್ತವಲ್ಲ, ಅಲ್ಲಿ ದುಂಡು ತುದಿ ಕೆಲವನ್ನ ಹಾರಿಸಿಕೊಂಡು ಹೋಗುತ್ತೆ, ತೆಳು ತುದಿ ಒಳಕ್ಕೆ ಹೊಕ್ಕು ಓದುತ್ತೆ. ಸ, ಶ ಮುಂತಾದ ಅಕ್ಷರಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಆದರೆ ಅದನ್ನ ನೆಟ್ಟಗೆ ಕೂರಿಸಬೇಕು. ಟ್ರಂಕೇಟೆಡ್ ಅಂದ್ರೆ ತುದಿಯನ್ನ ಚಪ್ಪಟೆಯಾಗಿ ಕತ್ತರಿಸಿದ್ದು. ಭುಜಗಳು ಗೋಡೆಗೆ ತಾಗುತ್ತವೆ, ಮೂತಿ ತಳಕ್ಕೆ ತಾಗಲ್ಲ. ಕಸ ತುಂಬಿದ ತಳ ಇರೋ ಹಳೇ ಪ್ಲೇಟಿಗೆ ದುಡ್ಡು ಹಾಕೋದಾದ್ರೆ ಇದಕ್ಕೆ ಹಾಕು.

ಅಳಿಯ: ಮತ್ತೆ ಕಾರ್ಟ್ರಿಜ್?

ಅತ್ತೆ: ಮೂವಿಂಗ್ ಮ್ಯಾಗ್ನೆಟ್ ಜಾತಿಯದ್ದು, ಮುಳ್ಳನ್ನ ಕೈಯಿಂದಲೇ ಎಳೆದು ಇನ್ನೊಂದು ಸಿಕ್ಕಿಸೋ ಹಾಗಿರಬೇಕು. ದುಬಾರಿ ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಮುಳ್ಳು ಬದಲಾಯಿಸೋಕೆ ಆಗಲ್ಲ, ನಮ್ಮ ಕೆಲಸಕ್ಕೆ ಅವು ದಂಡ. ಶ್ಯೂರ್ ಕಂಪನಿಯ ಎಂ44 ಈ ಕೆಲಸಕ್ಕೆ ಬಹಳ ಜನರ ಮೆಚ್ಚಿನದ್ದಾಗಿತ್ತು. 2018ರಲ್ಲಿ ಅವರು ಕಾರ್ಟ್ರಿಜ್ ಮಾಡೋದನ್ನೇ ನಿಲ್ಲಿಸಿದ್ರು. ಅದಕ್ಕೆ ಹೊಂದೋ ಮುಳ್ಳುಗಳನ್ನ ಜಪಾನಿನ ಜಿಕೋ ಮಾಡುತ್ತೆ. ಹೊಸದಾಗಿ ಕೊಳ್ಳೋದಾದ್ರೆ ಓರ್ಟೋಫೋನ್‌ನ 2ಎಂ 78, ಆಡಿಯೋ ಟೆಕ್ನಿಕಾದ 3 ಮಿಲ್‌ನದು, ಇವೆಲ್ಲ ಸಿಗುತ್ತವೆ. ಹಣ ಸೀಮಿತ ಆಗಿದ್ರೆ ಒಂದು ಭಾರಿ ಕಾರ್ಟ್ರಿಜ್‌ಗಿಂತ ಒಂದು ಸಾಧಾರಣ ಕಾರ್ಟ್ರಿಜ್, ಮೂರು ಮುಳ್ಳು, ಇದೇ ಲಾಭ.

ಅಳಿಯ: ಭಾರ ಎಷ್ಟಿಡಲಿ? ಪ್ಲೇಟಿಗೆ ನೋವಾಗದ ಹಾಗೆ ಒಂದೂವರೆ ಗ್ರಾಮ್ ಇಟ್ಟಿದ್ದೀನಿ.

ಅತ್ತೆ: ಕಡಿಮೆ ಭಾರ ಇಟ್ಟರೆ ಪ್ಲೇಟು ಉಳಿಯುತ್ತೆ ಅನ್ನೋದು ಎಲ್ಲರಿಗೂ ಇರೋ ಭ್ರಮೆ. ಅರಗಿನ ಪ್ಲೇಟಿನ ಬಳುಕು ದೊಡ್ಡದು, ಪ್ಲೇಟು ಸೊಟ್ಟಗೂ ಇರುತ್ತೆ. ಹಗುರಾದ ಮುಳ್ಳು ಎಗರಿ ಎಗರಿ ಬಿದ್ದು ಗೋಡೆಯನ್ನ ಕುಟ್ಟುತ್ತೆ. ಮೂರರಿಂದ ಐದು ಗ್ರಾಮ್ ಬೇಕು, ಆ ಕಾರ್ಟ್ರಿಜ್ ತಯಾರಿಸಿದವರು ಹೇಳಿದ ಮಿತಿಯೊಳಗೆ. ಹಳೇ ಸೌಂಡ್‌ಬಾಕ್ಸಿನ ಭಾರಕ್ಕೆ ಹೋಲಿಸಿದ್ರೆ ಅದು ಏನೂ ಅಲ್ಲ.

ಅಳಿಯ: ನನ್ನದು ಸ್ಟೀರಿಯೋ. ಈ ಪ್ಲೇಟುಗಳೋ ಮೋನೋ.

ಅತ್ತೆ: ಅದೂ ಅನುಕೂಲಕ್ಕೇ. ಸ್ಟೀರಿಯೋ ಕಾರ್ಟ್ರಿಜ್ ಎಡಗೋಡೆಯನ್ನೂ ಬಲಗೋಡೆಯನ್ನೂ ಬೇರೆ ಬೇರೆ ಓದುತ್ತೆ. ಎರಡನ್ನೂ ಕೂಡಿಸಿ ಮೋನೋ ಮಾಡಿದ್ರೆ ಪಕ್ಕಕ್ಕೆ ಬಳುಕೋ ಹಾಡು ಉಳಿಯುತ್ತೆ, ಮೇಲೆ ಕೆಳಗೆ ಕುಣಿಯೋ ಸದ್ದು ಒಂದನ್ನೊಂದು ಹೊಡೆದು ಹಾಕಿಕೊಳ್ಳುತ್ತೆ. ಆದರೆ ಇಳಿಸಿಕೊಳ್ಳುವಾಗ ಎರಡನ್ನೂ ಬೇರೆಯಾಗೇ ಇಳಿಸಿಕೋ. ಎಷ್ಟೋ ಪ್ಲೇಟಿನಲ್ಲಿ ಒಂದು ಗೋಡೆ ಮಾತ್ರ ಹಾಳಾಗಿರುತ್ತೆ. ಆಗ ಒಳ್ಳೆ ಗೋಡೆಯೊಂದನ್ನೇ ಇಟ್ಟುಕೊಳ್ಳಬಹುದು.

ಅಳಿಯ: ಮೇಲೆ ಕೆಳಗೆ ಕುಣಿಯೋ ಗೆರೆಯಲ್ಲೇ ಹಾಡಿರೋ ಪ್ಲೇಟೂ ಇತ್ತಂತಲ್ಲ?

ಅತ್ತೆ: ಫ್ರಾನ್ಸಿನ ಪಾಥೆ, ಅಮೆರಿಕದ ಎಡಿಸನ್. ಕಲ್ಕತ್ತಾದ ಎಚ್. ಬೋಸ್ ಪಾಥೆಯ ಜತೆ ಸೇರಿ ಅಂಥ ಪ್ಲೇಟು ತಂದಿದ್ರು. ಪಾಥೆಗೆ 8 ಮಿಲ್‌ನ ಗುಂಡು ತುದಿ ಬೇಕು, ತಂತಿ ಜೋಡಣೆಯೂ ಬೇರೆ. ನಮ್ಮ ಪೆಟ್ಟಿಗೆಯಲ್ಲಿ ಅಂಥದ್ದಿಲ್ಲ, ಆ ಯೋಚನೆ ಬಿಡು. ಅದಕ್ಕಿಂತ ಮುಖ್ಯವಾದದ್ದು ಹೇಳ್ತೀನಿ. ನಿನ್ನ ಆಂಪ್ಲಿಫೈಯರ್‌ನ ಫೋನೋ ಕಿಂಡಿಯಲ್ಲಿ ಆರ್‌ಐಎಎ ಅನ್ನೋ ಸಮತೋಲನ, ಅಂದ್ರೆ ಮಂದ್ರ ತಾರ ಸ್ವರಗಳನ್ನ ಏರಿಸಿ ತಗ್ಗಿಸೋ ಏರ್ಪಾಡು, ಇದೆ. 1954ರ ಹೊತ್ತಿಗೆ ಎಲ್‌ಪಿಗೆ ಅಂತ ಗೊತ್ತುಮಾಡಿದ್ದು ಅದು. ಅದರಲ್ಲಿ ಹಳೇ ಪ್ಲೇಟು ಹಾಕಿದ್ರೆ ತಾರಸ್ವರ ಮಂಕಾಗುತ್ತೆ. ಆ ಮಂಕನ್ನ ನೀನು ಮುಳ್ಳಿನ ತಲೆಗೆ ಕಟ್ಟಿ, ಒಳ್ಳೆ ಮುಳ್ಳನ್ನ ಎಸೆದುಬಿಡಬಹುದು. ವೇಗ ತಪ್ಪಿದ್ರೂ ಹಾಗೇ, ದನಿ ತೆಳುವಾಗೋದು ದಪ್ಪವಾಗೋದು ಮುಳ್ಳಿನಿಂದಲ್ಲ. ಹೋಲಿಸುವಾಗ ಮಿಕ್ಕಿದ್ದನ್ನೆಲ್ಲ ಒಂದೇ ಥರ ಇಟ್ಟು ಮುಳ್ಳೊಂದನ್ನೇ ಬದಲಿಸು.

ಅಳಿಯ: ಅದಕ್ಕೆ ಮುಂಚೆ ಪ್ಲೇಟು ತೊಳೀಬೇಕಲ್ಲ? ಸ್ಪಿರಿಟ್ ತಂದಿಟ್ಟಿದ್ದೀನಿ.

ಅತ್ತೆ: ಅಯ್ಯೋ, ಅದನ್ನ ಮುಟ್ಟಬೇಡ! ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತೆ. ಮರದ ಸಾಮಾನಿಗೆ ಹಚ್ಚೋ ಪಾಲಿಷ್ ಮಾಡೋದೇ ಹಾಗೆ. ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಸಾದಾ ಸೋಪಿನ ದ್ರವ, ಮೆತ್ತನೆ ಬ್ರಷ್ಷು. ಗೆರೆಯ ದಿಕ್ಕಿನಲ್ಲೇ ಸುತ್ತಿಸು, ನಡುವಿನ ಲೇಬಲ್ ನೆನೆಯಬಾರದು, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ ನೆರಳಲ್ಲಿ ಪೂರ್ತಿ ಒಣಗಿಸು. ತೊಳೆಯದೆ ಮುಳ್ಳು ಆರಿಸೋಕೆ ಹೋದ್ರೆ ಕೊಳೆಗೆ ಹೊಂದೋ ಮುಳ್ಳನ್ನ ಆರಿಸಿಬಿಡ್ತೀಯ.

ಅಳಿಯ: ಹಾಗಾದ್ರೆ 2.5, 3, 3.5, ಮೂರು ಟ್ರಂಕೇಟೆಡ್ ಮುಳ್ಳು ತರಿಸಿಬಿಡಲಾ?

ಅತ್ತೆ: ಆತುರ ಬೇಡ. ಮೊದಲು 3 ಮಿಲ್‌ನ ಒಂದು ಸಾದಾ ಶಂಕುವಿನ ಮುಳ್ಳು, ಕಾರ್ಟ್ರಿಜ್ ಸಮೇತ. ಅದರಲ್ಲಿ ಇಡೀ ಪೆಟ್ಟಿಗೆಯನ್ನ ಒಂದು ಸುತ್ತು ಕೇಳು. ಕೇಳ್ತಾ ಕೇಳ್ತಾ ಪ್ಲೇಟುಗಳನ್ನ ಮೂರು ರಾಶಿ ಮಾಡು. ಚೆನ್ನಾಗಿ ಕೇಳಿಸಿದ್ದು ಒಂದು. ದನಿ ಏರಿದಾಗ ಗರಗರ ಅನ್ನೋದು ಇನ್ನೊಂದು. ಮುಳ್ಳು ಗೆರೆಯಲ್ಲಿ ಸರಿಯಾಗಿ ಕೂರದೆ ಜಾರೋದು, ತಳದ ಸದ್ದೇ ಜಾಸ್ತಿ ಬರೋದು ಮೂರನೇದು. ಎರಡನೇ ರಾಶಿಗೆ ಸಣ್ಣದನ್ನೂ ದಪ್ಪದನ್ನೂ ಹಾಕಿ ನೋಡಬೇಕಾಗುತ್ತೆ. ಮೂರನೇ ರಾಶಿಯಲ್ಲಿ ಜಾರೋದು ಹೊಸಕಾಲದವಾದ್ರೆ ಸಣ್ಣ ಮುಳ್ಳು, ತಳದ ಸದ್ದಿನವು ಕೊಂಬಿನ ಕಾಲದವಾದ್ರೆ ದಪ್ಪ ಮುಳ್ಳು. ಯಾವ ರಾಶಿ ದೊಡ್ಡದಾಗುತ್ತೋ ಅದಕ್ಕೆ ಎರಡನೇ ಮುಳ್ಳು ತರಿಸು, ಟ್ರಂಕೇಟೆಡ್‌ದೇ. ಮೂರನೇದು ಬೇಕೋ ಬೇಡವೋ ಅಂತ ಆಮೇಲೆ ನೋಡೋಣ. ಪ್ರತಿ ಪ್ಲೇಟಿನ ಚೀಲದ ಮೇಲೆ ಯಾವ ಮುಳ್ಳು, ಯಾವ ವೇಗ, ಯಾವ ಗೋಡೆ ಚೆನ್ನ ಅಂತ ಪೆನ್ಸಿಲಿನಲ್ಲಿ ಬರೆದಿಡು. ಇಲ್ಲದಿದ್ರೆ ಇನ್ನೊಂದು ಸಲ ಎಲ್ಲ ಮೊದಲಿಂದ.

ಅಳಿಯ: ಆ ಗಂಗೂಬಾಯಿ ಹಾನಗಲ್ ಅವರ ಪ್ಲೇಟು ಇದೆಯಲ್ಲ, ಮೊದಮೊದಲಿನದು, ಲೇಬಲ್ ಮೇಲೆ ಗಾಂಧಾರಿ ಅಂತ ಹೆಸರಿರೋದು? ಮೊದಲು ಅದನ್ನೇ ಹಾಕೋಣ ಅಂತಿದ್ದೆ.

ಅತ್ತೆ: ಅದನ್ನ ಕೊನೆಗಿಡು. 1930ರ ದಶಕದ ಶುರುವಿನಲ್ಲಿ ಆಕೆಯ ಎಳೆದನಿ ಹೇಗಿತ್ತು ಅಂತ ತಿಳಿಯೋದು ಅಂಥ ಪ್ಲೇಟುಗಳಿಂದಲೇ. ಅದನ್ನ ನಮ್ಮಮ್ಮ ದಿನಾ ಕೇಳ್ತಿದ್ದದ್ದು, ಗೋಡೆ ಬೂದುಗಟ್ಟಿರೋದು ಗ್ಯಾರಂಟಿ. ಸಿನಿಮಾ ಹಾಡಿನ ಪ್ಲೇಟುಗಳಲ್ಲಿ ಕೈ ಪಳಗಲಿ. ಗರಗರಕ್ಕೂ ಸೊರಸೊರಕ್ಕೂ ವ್ಯತ್ಯಾಸ ನಿನಗೆ ಕೇಳಿಸೋಕೆ ಶುರುವಾದ ದಿನ ಅದನ್ನ ಎತ್ತಿಕೊಂಡು ಬಾ, ಇಬ್ಬರೂ ಕೂತು ಹಾಕೋಣ.